ಗರ್ಭಜಲಾಧಿಕ್ಯ

ಗರ್ಭಕೋಶದಲ್ಲಿ ಶಿಶುವನ್ನು ಸುತ್ತುವರಿದಿರುವ ನೀರು ಆಯಾ ತಿಂಗಳಿಗೆ ಇರಬೇಕಾದ ಪ್ರಮಾಣವನ್ನು ಮೀರಿ ಸಂಗ್ರಹವಾಗುವ ಸ್ಥಿತಿಯನ್ನು ಗರ್ಭಜಲಾಧಿಕ್ಯ ಎನ್ನುತ್ತಾರೆ. ವೈದ್ಯರು ಬಳಸುವ ಹೆಸರು ಪಾಲಿಹೈಡ್ರಾಮ್ನಿಯಾಸ್; ಬಸುರಿಯ ಮನೆಯವರ ಬಾಯಲ್ಲಿ ‘ನೀರು ಜಾಸ್ತಿ ಇದೆಯಂತೆ’. ನೂರು ಬಸಿರುಗಳಲ್ಲಿ ಒಂದೆರಡರಲ್ಲಿ ಕಾಣುವ ಈ ಸ್ಥಿತಿ ಸ್ವತಂತ್ರವಾದ ಕಾಯಿಲೆಯಲ್ಲ, ತಾಯಿಯಲ್ಲೋ ಶಿಶುವಿನಲ್ಲೋ ಮಾಸಿನಲ್ಲೋ ನಡೆಯುತ್ತಿರುವ ಬೇರೊಂದು ಸಂಗತಿಯ ಲಕ್ಷಣ. ಅರ್ಧಕ್ಕಿಂತ ಹೆಚ್ಚು ಪ್ರಸಂಗಗಳಲ್ಲಿ ಎಷ್ಟು ಹುಡುಕಿದರೂ ಅಂಥ ಸಂಗತಿ ಯಾವುದೂ ಸಿಗುವುದಿಲ್ಲ, ಮತ್ತು ಅಂಥ ಬಸಿರುಗಳಲ್ಲಿ ಬಹುಪಾಲು ಸುಖವಾಗಿಯೇ ಮುಗಿಯುತ್ತವೆ. ಆದ್ದರಿಂದ ನೀರನ್ನು ಇಳಿಸುವ ಪ್ರಯತ್ನಕ್ಕಿಂತ, ಅದು ಏಕೆ ಏರಿತೆಂದು ಹುಡುಕುವುದು ಮತ್ತು ಹೆರಿಗೆ ಎಲ್ಲಿ, ಹೇಗೆ ಆಗಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳುವುದು ಇದರ ನಿರ್ವಹಣೆಯ ತಿರುಳಾಗಿದೆ. ಈ ಲೇಖನವು ಸ್ಥಿತಿಯ ಸಾಮಾನ್ಯ ವಿವರಗಳ ಜೊತೆಗೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳನ್ನೊಳಗೊಂಡ ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಅದರ ಆರೈಕೆಗಿರುವ ಅನುಕೂಲ, ತೊಡಕುಗಳನ್ನೂ ಗಮನಿಸುತ್ತದೆ.

ನೀರಿನ ಒಳಹರಿವು, ಹೊರಹರಿವು

ಗರ್ಭದ ನೀರು ನಿಂತ ನೀರಲ್ಲ. ಬಸಿರಿನ ಮೊದಲ ವಾರಗಳಲ್ಲಿ ತಾಯಿಯ ರಕ್ತದ ದ್ರವಾಂಶವೇ ಪೊರೆಗಳ ಮೂಲಕ ಒಸರಿ ನೀರಿನ ಚೀಲವನ್ನು ತುಂಬುತ್ತದೆ. ನಾಲ್ಕನೆಯ ತಿಂಗಳು ಕಳೆಯುತ್ತಿದ್ದಂತೆ ಶಿಶುವಿನ ಮೂತ್ರ ಅದರ ಮುಖ್ಯ ಮೂಲವಾಗುತ್ತದೆ, ಶ್ವಾಸಕೋಶದಿಂದ ಜಿನುಗುವ ದ್ರವವೂ ಸ್ವಲ್ಪ ಸೇರುತ್ತದೆ. ದಿನ ತುಂಬುವ ಹೊತ್ತಿಗೆ ಶಿಶು ದಿನಕ್ಕೆ ಅರ್ಧ ಲೀಟರಿಗೂ ಮೀರಿ ಮೂತ್ರ ವಿಸರ್ಜಿಸುತ್ತದೆ, ಹೆಚ್ಚುಕಡಿಮೆ ಅಷ್ಟೇ ನೀರನ್ನು ನುಂಗುತ್ತದೆ, ಉಳಿದದ್ದು ಮಾಸಿನ ಮೇಲ್ಮೈಯ ರಕ್ತನಾಳಗಳ ಮೂಲಕ ಶಿಶುವಿನ ರಕ್ತಕ್ಕೆ ಮರಳುತ್ತದೆ. ಹತ್ತನೆಯ ವಾರದಲ್ಲಿ ಸುಮಾರು 30 ಮಿಲಿಲೀಟರ್ ಇರುವ ನೀರು, 32ರಿಂದ 34ನೆಯ ವಾರದ ಹೊತ್ತಿಗೆ ಸರಾಸರಿ 800 ಮಿಲಿಲೀಟರ್ ಮುಟ್ಟಿ, ಆಮೇಲೆ ಮೆಲ್ಲಗೆ ಇಳಿಯುತ್ತದೆ. ಶಿಶು ಕೈಕಾಲು ಆಡಿಸಲು, ಅದರ ಶ್ವಾಸಕೋಶ ಬಲಿಯಲು, ಹೊಕ್ಕುಳಬಳ್ಳಿ ಅದುಮಿಹೋಗದಿರಲು ಈ ನೀರು ಬೇಕೇ ಬೇಕು. ಶಿಶು ನುಂಗುವುದು ಕಡಿಮೆಯಾದರೂ, ಮೂತ್ರ ಹೆಚ್ಚಾದರೂ ಲೆಕ್ಕ ತಪ್ಪುತ್ತದೆ, ಮತ್ತು ಗರ್ಭಜಲಾಧಿಕ್ಯದ ಬಹುತೇಕ ಕಾರಣಗಳು ಈ ಎರಡು ದಾರಿಗಳಲ್ಲೊಂದಕ್ಕೆ ಸೇರುತ್ತವೆ. ತಾಯಿ ಹೆಚ್ಚು ನೀರು ಕುಡಿಯುವುದು ಈ ಕಾರಣಗಳಲ್ಲಿ ಸೇರುವುದಿಲ್ಲ. ಹೊಟ್ಟೆಯಲ್ಲಿ ನೀರು ಹೆಚ್ಚಿದೆಯೆಂದು ಕೇಳಿದೊಡನೆ ಬಸುರಿಗೆ ನೀರು, ಮಜ್ಜಿಗೆ, ಸಾರು ಕಡಿಮೆ ಮಾಡುವ ಮನೆಗಳಿವೆ, ಉಪ್ಪು ಬಿಡಿಸುವವರೂ ಇದ್ದಾರೆ. ಇದರಿಂದ ಗರ್ಭದ ನೀರು ಇಳಿಯುವುದಿಲ್ಲ, ಬಿಸಿಲುಗಾಲದಲ್ಲಿ ಬಸುರಿ ಬಳಲುತ್ತಾಳೆ, ಅಷ್ಟೆ.

ಅಳತೆ

ಸ್ಕ್ಯಾನಿಂಗ್ ಬರುವ ಮುನ್ನ ವೈದ್ಯರೂ ಸೂಲಗಿತ್ತಿಯರೂ ಕೈಯಿಂದಲೇ ಇದನ್ನು ಗುರುತಿಸುತ್ತಿದ್ದರು. ಹೊಟ್ಟೆ ತಿಂಗಳಿಗೆ ಮೀರಿ ಬೆಳೆದಿರುತ್ತದೆ, ಚರ್ಮ ಬಿಗಿದು ಮಿರುಗುತ್ತದೆ, ಶಿಶುವಿನ ತಲೆ, ಬೆನ್ನು ಕೈಗೆ ಸರಿಯಾಗಿ ಸಿಗುವುದಿಲ್ಲ, ಒಂದು ಪಕ್ಕದಲ್ಲಿ ಬೆರಳಿನಿಂದ ತಟ್ಟಿದರೆ ಇನ್ನೊಂದು ಪಕ್ಕದಲ್ಲಿಟ್ಟ ಅಂಗೈಗೆ ಅಲೆ ತಾಗುತ್ತದೆ. ಇಂದಿಗೂ ಅಳತೆಯ ಪಟ್ಟಿ ಹಿಡಿದು ಹೊಟ್ಟೆಯ ಎತ್ತರ ನೋಡುವ ದಾದಿಯೇ ಎಷ್ಟೋ ಬಾರಿ ಮೊದಲ ಸುಳಿವು ಕೊಡುತ್ತಾಳೆ.

ಸ್ಕ್ಯಾನಿಂಗ್‌ನಲ್ಲಿ ಎರಡು ವಿಧಾನಗಳು ಬಳಕೆಯಲ್ಲಿವೆ. ಒಂದರಲ್ಲಿ, ಬಳ್ಳಿಯಾಗಲಿ ಕೈಕಾಲಾಗಲಿ ಅಡ್ಡಬರದ ಅತ್ಯಂತ ಆಳವಾದ ನೀರಿನ ಮಡುವನ್ನು ಲಂಬವಾಗಿ ಅಳೆಯುತ್ತಾರೆ. ಅದು 8 ಸೆಂಟಿಮೀಟರ್ ಅಥವಾ ಹೆಚ್ಚಿದ್ದರೆ ನೀರು ಅಧಿಕವೆಂದು ಅರ್ಥ. ಇನ್ನೊಂದರಲ್ಲಿ ಹೊಕ್ಕುಳನ್ನು ನಡುವಿಟ್ಟು ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ, ಪ್ರತಿ ಭಾಗದ ಆಳವಾದ ಮಡುವನ್ನು ಅಳೆದು ಕೂಡಿಸುತ್ತಾರೆ. 1987ರಿಂದ ಪ್ರಚಾರಕ್ಕೆ ಬಂದ ಈ ಮೊತ್ತವೇ ವರದಿಗಳಲ್ಲಿ ‘ಎಎಫ್‌ಐ’ ಎಂದು ಅಚ್ಚಾಗುವ ಗರ್ಭಜಲ ಸೂಚ್ಯಂಕ. ಅದು 24 ಸೆಂಟಿಮೀಟರನ್ನು ಮುಟ್ಟಿದರೆ ಅಥವಾ ದಾಟಿದರೆ ಗರ್ಭಜಲಾಧಿಕ್ಯ. 30ರ ಒಳಗಿದ್ದರೆ ಸೌಮ್ಯ, 30ರಿಂದ 35ರೊಳಗೆ ಮಧ್ಯಮ, 35 ಮತ್ತು ಮೇಲ್ಪಟ್ಟರೆ ಗಂಭೀರ. ಮೂರರಲ್ಲಿ ಎರಡು ಪ್ರಸಂಗಗಳು ಸೌಮ್ಯ ವರ್ಗಕ್ಕೆ ಸೇರಿದವು. ಶಿಶು ಮಗ್ಗುಲು ಬದಲಿಸಿದರೆ, ಅಳೆಯುವ ಕೈ ಬೇರೆಯಾದರೆ ಒಂದೆರಡು ಸೆಂಟಿಮೀಟರ್ ಹೆಚ್ಚುಕಡಿಮೆಯಾಗುವುದು ಸಹಜವಾದ್ದರಿಂದ, ಒಂದು ಕೇಂದ್ರದ 23ನ್ನೂ ವಾರ ಬಿಟ್ಟು ಮತ್ತೊಂದು ಕೇಂದ್ರ ಕೊಟ್ಟ 25ನ್ನೂ ಪಕ್ಕಪಕ್ಕ ಇಟ್ಟು ಗಾಬರಿಗೊಳ್ಳುವುದಕ್ಕೆ ಅರ್ಥವಿಲ್ಲ. ಸಾಧ್ಯವಾದಷ್ಟೂ ಒಂದೇ ಕಡೆ ಅಳತೆ ಮಾಡಿಸಿ, ಏರಿಕೆ ಯಾವ ವೇಗದಲ್ಲಿದೆಯೆಂದು ನೋಡುವುದು ಹೆಚ್ಚು ಉಪಯುಕ್ತ.

ಕಾರಣಗಳು

ಪತ್ತೆಯಾಗುವ ಕಾರಣಗಳಲ್ಲಿ ತಾಯಿಯ ಸಕ್ಕರೆ ಕಾಯಿಲೆ ಬಹು ಮುಖ್ಯವಾದದ್ದು. ತಾಯಿಯ ರಕ್ತದ ಸಕ್ಕರೆ ಮಾಸನ್ನು ದಾಟಿ ಶಿಶುವಿನ ರಕ್ತದಲ್ಲೂ ಏರುತ್ತದೆ, ಆ ಸಕ್ಕರೆಯನ್ನು ಹೊರಹಾಕಲು ಶಿಶು ಹೆಚ್ಚು ಮೂತ್ರ ವಿಸರ್ಜಿಸುತ್ತದೆ, ನೀರೂ ಶಿಶುವಿನ ತೂಕವೂ ಒಟ್ಟೊಟ್ಟಿಗೆ ಏರುತ್ತವೆ. ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಹೊರಡಿಸಿ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ ಪ್ರತಿ ಬಸುರಿಗೂ ಮೊದಲ ಭೇಟಿಯಲ್ಲೇ, ಆಮೇಲೆ ಮತ್ತೆ 24ರಿಂದ 28ನೆಯ ವಾರದೊಳಗೆ ಈ ಪರೀಕ್ಷೆ ಆಗಬೇಕು: ಊಟ ಮಾಡಿರಲಿ ಬಿಡಲಿ, 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಐದು ಹತ್ತು ನಿಮಿಷಗಳಲ್ಲಿ ಕುಡಿಸಿ, ಎರಡು ಗಂಟೆಗಳ ನಂತರ ರಕ್ತ ನೋಡಿದಾಗ ಸಕ್ಕರೆ 140 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಗರ್ಭಾವಸ್ಥೆಯ ಮಧುಮೇಹವೆಂದು ಪರಿಗಣಿಸುತ್ತಾರೆ. ಖಾಲಿ ಹೊಟ್ಟೆಯಲ್ಲಿ ಬಾ ಎನ್ನದಿರುವುದು ಈ ವಿಧಾನದ ದೊಡ್ಡ ಗುಣ. ಬೆಳಗ್ಗೆ ಮನೆಗೆಲಸ ಮುಗಿಸಿ ಬಸ್ಸು ಹಿಡಿದು ಬರುವ ಹೆಣ್ಣಿಗೆ ಮರುದಿನ ಮತ್ತೆ ಬರಲು ಹೇಳಿದರೆ ಅವಳು ಬಾರದಿರುವ ಸಂಭವವೇ ಹೆಚ್ಚು. ಐದೋ ಏಳೋ ಒಂಬತ್ತೋ ತಿಂಗಳಲ್ಲಿ ನಡೆಯುವ ಸೀಮಂತ, ಅದರ ಹಿಂದುಮುಂದಿನ ವಾರಗಳಲ್ಲಿ ನೆಂಟರಿಷ್ಟರು ‘ಬಯಕೆ’ಯ ಹೆಸರಿನಲ್ಲಿ ತರುವ ಹೋಳಿಗೆ, ಚಿರೋಟಿ, ಮೈಸೂರು ಪಾಕುಗಳೂ ಇದೇ ಅವಧಿಗೆ ಬಂದು ಕೂಡುತ್ತವೆ. ಅನ್ನ ಬಿಟ್ಟು ರಾಗಿ ಮುದ್ದೆ ಉಂಡರೆ ಸಕ್ಕರೆ ಏರುವುದಿಲ್ಲವೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ ಸಕ್ಕರೆಯನ್ನು ಚೆನ್ನಾಗಿಯೇ ಏರಿಸುತ್ತದೆ, ಆದ್ದರಿಂದ ಮುದ್ದೆಯ ಗಾತ್ರ ತಗ್ಗಬೇಕು, ಜೊತೆಯ ಸೊಪ್ಪು, ಕಾಳಿನ ಪಾಲು ಹೆಚ್ಚಬೇಕು. ಎರಡು ವಾರದ ಪಥ್ಯದಿಂದಲೂ ಊಟದ ಎರಡು ಗಂಟೆ ನಂತರದ ಸಕ್ಕರೆ 120ಕ್ಕಿಂತ ಕೆಳಗಿಳಿಯದಿದ್ದರೆ ಮಾತ್ರೆ ಅಥವಾ ಇನ್ಸುಲಿನ್ ಆರಂಭಿಸುತ್ತಾರೆ. ಸಕ್ಕರೆ ಹತೋಟಿಗೆ ಬಂದಾಗ ನೀರೂ ತಹಬಂದಿಗೆ ಬರುವುದುಂಟು.

ಎರಡನೆಯ ಮುಖ್ಯ ಕಾರಣ ಶಿಶುವಿನ ರಚನೆಯಲ್ಲಿನ ದೋಷ. ಅನ್ನನಾಳ ಹೊಟ್ಟೆಯವರೆಗೆ ತಲುಪದೆ ನಡುವೆ ಮುಚ್ಚಿಕೊಂಡಿರುವುದು, ಸಣ್ಣ ಕರುಳಿನ ಆರಂಭದ ಭಾಗ ಮುಚ್ಚಿರುವುದು, ಮಿದುಳೂ ತಲೆಬುರುಡೆಯೂ ರೂಪುಗೊಳ್ಳದ ಅನೆನ್‌ಸೆಫಲಿ, ನುಂಗುವ ಸ್ನಾಯುಗಳ ದೌರ್ಬಲ್ಯ ಇವುಗಳಲ್ಲಿ ಶಿಶು ನೀರನ್ನು ನುಂಗಲಾರದು ಅಥವಾ ನುಂಗಿದ್ದು ಮುಂದಕ್ಕೆ ಸಾಗದು. ಸೌಮ್ಯ ಹಂತದಲ್ಲಿ ಇಂಥ ದೋಷದ ಸಂಭವ ಕಡಿಮೆ, ಗಂಭೀರ ಹಂತದಲ್ಲಿ ಅದು ಸುಮಾರು ಮೂರರಲ್ಲೊಂದಕ್ಕೆ ಏರುತ್ತದೆ. ಕರುಳಿನ ಅಡ್ಡಿ ಸ್ಕ್ಯಾನಿಂಗ್‌ನಲ್ಲಿ ಎರಡು ಗುಳ್ಳೆಗಳಂತೆ ಕಾಣುತ್ತದೆ, ಆದರೆ ಅದು ಕಣ್ಣಿಗೆ ಬೀಳುವುದು ಬಹಳ ಸಲ 24ನೆಯ ವಾರದ ನಂತರ. ಐದನೆಯ ತಿಂಗಳ ಅಂಗಾಂಗ ತಪಾಸಣೆಯ ಸ್ಕ್ಯಾನಿಂಗ್ ‘ನಾರ್ಮಲ್’ ಎಂದು ಬಂದಿದ್ದರೂ, ಏಳನೆಯ ತಿಂಗಳಲ್ಲಿ ನೀರು ಏರಿದರೆ ಇನ್ನೊಮ್ಮೆ ವಿವರವಾಗಿ ನೋಡಬೇಕೆನ್ನುವುದು ಇದೇ ಕಾರಣಕ್ಕೆ. ಕಾನೂನಿನ ಪ್ರಶ್ನೆಯೂ ಇಲ್ಲಿಯೇ ಎದುರಾಗುತ್ತದೆ. ಗರ್ಭಪಾತದ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯ ನಂತರ ನಿರ್ದಿಷ್ಟ ವರ್ಗದ ಸ್ತ್ರೀಯರಿಗೆ 24 ವಾರಗಳವರೆಗೆ ಗರ್ಭಪಾತಕ್ಕೆ ಅವಕಾಶವಿದೆ. ಅದಕ್ಕೂ ಮೀರಿದ ಬಸಿರಿನಲ್ಲಿ ಶಿಶುವಿನಲ್ಲಿ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿ ನಿರ್ಧರಿಸಬೇಕು. ನೀರು ಹೆಚ್ಚಾಗುವುದು ಸಾಮಾನ್ಯವಾಗಿ ಈ ಗಡಿ ದಾಟಿದ ಮೇಲೆಯೇ ಆದ್ದರಿಂದ ಅಂಥ ಕುಟುಂಬಗಳು ಆ ಮಂಡಳಿಯ ಮುಂದೆ ಹೋಗಬೇಕಾಗುತ್ತದೆ.

ಕರ್ನಾಟಕದಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ರಕ್ತಸಂಬಂಧದ ಮದುವೆಯದು. ಸೋದರಮಾವನಿಗೆ, ಅತ್ತೆಯ ಅಥವಾ ಮಾವನ ಮಗನಿಗೆ ಹೆಣ್ಣು ಕೊಡುವ ರೂಢಿ ಇಲ್ಲಿ ಹಳೆಯದು; 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ತಪಾಸಣೆಯ ಜೊತೆ ನಡೆದ ಅಧ್ಯಯನಗಳಲ್ಲಿ ಸುಮಾರು ಮೂರನೇ ಒಂದು ಭಾಗದ ದಂಪತಿಗಳು ರಕ್ತಸಂಬಂಧಿಗಳಾಗಿದ್ದರು. ತಂದೆತಾಯಿ ಇಬ್ಬರಿಂದಲೂ ಒಂದೇ ದೋಷಯುಕ್ತ ಜೀನು ಬಂದಾಗ ಮಾತ್ರ ತಲೆದೋರುವ ಕೆಲವು ಕಾಯಿಲೆಗಳು ಇಂಥ ಮನೆಗಳಲ್ಲಿ ಹೆಚ್ಚು. ಶಿಶುವಿನ ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳಲಾರದೆ ವಿಪರೀತ ಮೂತ್ರ ಸುರಿಸುವ ಬಾರ್ಟರ್ ಲಕ್ಷಣಕೂಟ ಅವುಗಳಲ್ಲೊಂದು. ಹಿಂದಿನ ಬಸಿರಿನಲ್ಲೂ ನೀರು ಮಿತಿಮೀರಿತ್ತೆಂದು ತಿಳಿದರೆ ವೈದ್ಯರು ಅನುವಂಶೀಯ ಪರೀಕ್ಷೆಯ ಮಾತೆತ್ತುತ್ತಾರೆ.

ಉಳಿದ ಕಾರಣಗಳು ವಿರಳ. ಒಂದೇ ಮಾಸನ್ನು ಹಂಚಿಕೊಂಡ ಅವಳಿಗಳಲ್ಲಿ ಒಂದರ ರಕ್ತ ಇನ್ನೊಂದಕ್ಕೆ ಹರಿದು, ಪಡೆದ ಶಿಶುವಿನ ಸುತ್ತ ನೀರು ಉಕ್ಕುವುದು, ಕೊಟ್ಟ ಶಿಶುವಿನ ಸುತ್ತ ಬತ್ತುವುದು ಅವುಗಳಲ್ಲಿ ಅಪಾಯಕರವಾದದ್ದು. ಅಂಥ ಅವಳಿಗಳಿಗೆ 16ನೆಯ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಬೇಕು, ಅಗತ್ಯ ಬಿದ್ದರೆ ಮಾಸಿನ ರಕ್ತನಾಳಗಳ ಕೊಂಡಿಯನ್ನು ಲೇಸರ್‌ನಿಂದ ಕಡಿಯುತ್ತಾರೆ. ತಾಯಿ ಆರ್‌ಎಚ್ ನೆಗೆಟಿವ್, ಶಿಶು ಪಾಸಿಟಿವ್ ಆಗಿದ್ದು ತಾಯಿಯ ದೇಹದ ಪ್ರತಿಕಾಯಗಳು ಶಿಶುವಿನ ರಕ್ತಕಣಗಳನ್ನು ಒಡೆದಾಗ, ಅಥವಾ ಪಾರ್ವೊ ವೈರಸ್ಸಿನ ಸೋಂಕು ತಗಲಿದಾಗ, ಶಿಶುವಿನ ರಕ್ತಹೀನತೆಯಿಂದಲೂ ನೀರು ಹೆಚ್ಚಬಹುದು.

ಆರೈಕೆ

ಸೌಮ್ಯ ಹಂತದಲ್ಲಿ, ಸಕ್ಕರೆ ಸರಿಯಿದ್ದು ಶಿಶುವಿನಲ್ಲಿ ದೋಷವೇನೂ ಕಾಣದಿದ್ದರೆ, ಕಾಲಕಾಲಕ್ಕೆ ಅಳತೆ ನೋಡುವುದರ ಹೊರತು ಬೇರೆ ಚಿಕಿತ್ಸೆ ಬೇಕಿಲ್ಲ. ಈ ಕಾರಣವೊಂದಕ್ಕಾಗಿ 39 ವಾರ ತುಂಬುವ ಮುನ್ನ ಹೆರಿಗೆ ಮಾಡಿಸುವುದೂ ತಕ್ಕುದಲ್ಲ. ಹಾಸಿಗೆ ಹಿಡಿದು ಮಲಗಿದರೆ ನೀರು ಇಳಿಯುತ್ತದೆ ಎನ್ನಲು ಆಧಾರವಿಲ್ಲ, ಮೂತ್ರ ಹೆಚ್ಚಿಸುವ ಮಾತ್ರೆಗಳಿಂದಲೂ ಪ್ರಯೋಜನವಿಲ್ಲ. ಶಿಶುವಿನ ಮೂತ್ರವನ್ನು ಕಡಿಮೆ ಮಾಡುವ ಇಂಡೊಮೆಥಾಸಿನ್ ಎಂಬ ಔಷಧ ಹಿಂದೆ ಬಳಕೆಯಲ್ಲಿತ್ತು. ಅದು ಶಿಶುವಿನ ಹೃದಯದ ಬಳಿಯ ಮುಖ್ಯ ರಕ್ತನಾಳವೊಂದನ್ನು ಅವಧಿಗೆ ಮುನ್ನವೇ ಸಂಕುಚಿಸಬಲ್ಲದಾದ್ದರಿಂದ ನೀರು ಇಳಿಸುವ ಉದ್ದೇಶಕ್ಕೆ ಮಾತ್ರವೇ ಅದನ್ನು ಕೊಡಬಾರದೆಂಬುದು ಇಂದಿನ ತಜ್ಞರ ನಿಲುವು.

ಹೊಟ್ಟೆಯ ಭಾರ ತಾಯಿಯನ್ನು ಕಾಡುವುದು ರಾತ್ರಿಯಲ್ಲಿ. ಅಂಗಾತ ಮಲಗಿದರೆ ಉಸಿರು ಕಟ್ಟಿದಂತಾಗುತ್ತದೆ, ಎದೆಯುರಿ ಏಳುತ್ತದೆ, ಕಾಲು ಊದಿಕೊಳ್ಳುತ್ತದೆ, ಗಳಿಗೆಗೊಮ್ಮೆ ಮೂತ್ರಕ್ಕೆ ಏಳಬೇಕಾಗುತ್ತದೆ. ಎರಡು ಮೂರು ದಿಂಬು ಒಟ್ಟಿ ಬೆನ್ನು ಎತ್ತರಿಸಿಕೊಂಡು ಎಡಮಗ್ಗುಲಿಗೆ ಮಲಗುವುದು, ಮಂಡಿಗಳ ನಡುವೆ ಒಂದು ದಿಂಬು ಇಡುವುದು, ರಾತ್ರಿಯೂಟವನ್ನು ಬೇಗ ಮುಗಿಸಿ ದಿನವಿಡೀ ಸ್ವಲ್ಪಸ್ವಲ್ಪವೇ ತಿನ್ನುವುದು ಇವು ಸಣ್ಣ ಉಪಾಯಗಳಾದರೂ ಬಹಳಷ್ಟು ನೆಮ್ಮದಿ ಕೊಡುತ್ತವೆ. ನೀರು ಹೆಚ್ಚಿದ್ದಾಗ ಶಿಶುವಿನ ಒದೆತ ಮೆತ್ತಗೆ ತಾಗುವುದು ನಿಜವಾದರೂ, ಮೊದಲಿದ್ದ ಚಲನೆ ಕಡಿಮೆಯಾದರೆ ಅದನ್ನು ನೀರಿನ ಲೆಕ್ಕಕ್ಕೆ ಬರೆದು ಸುಮ್ಮನಿರದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಹೊಟ್ಟೆ ನಾಲ್ಕೈದು ದಿನಗಳಲ್ಲಿ ಒಮ್ಮೆಲೇ ಬಿಗಿದು ದೊಡ್ಡದಾಗುವುದು, ಕುಳಿತಲ್ಲೇ ಏದುಸಿರು ಬರುವುದು, ದಿನ ತುಂಬುವ ಮುನ್ನವೇ ಬಿಟ್ಟುಬಿಟ್ಟು ನೋವು ಬರುವುದು, ನೀರು ಜಿನುಗುವುದು, ರಕ್ತ ಕಾಣುವುದು ಇವೂ ಹಾಗೆಯೇ ತಡಮಾಡಬಾರದ ಸೂಚನೆಗಳು.

ಗಂಭೀರ ಹಂತದಲ್ಲಿ ತಾಯಿಗೆ ಉಸಿರಾಟವೇ ಕಷ್ಟವಾದರೆ ನೀರು ತೆಗೆಯುತ್ತಾರೆ. ಸ್ಕ್ಯಾನಿಂಗ್ ಪರದೆ ನೋಡುತ್ತಾ ಹೊಟ್ಟೆಯ ಮೂಲಕ ಸೂಜಿ ಇಳಿಸಿ, ಒಂದರಿಂದ ಎರಡು ಲೀಟರಿನಷ್ಟನ್ನು ನಿಧಾನವಾಗಿ ಹೊರತೆಗೆಯುವ ಈ ಕ್ರಮದಲ್ಲಿ ಒಂದು ಲೀಟರಿಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಅವಸರಿಸಿದರೆ ಮಾಸು ಬೇರ್ಪಡುವ ಭಯವಿದೆ. ಉಸಿರು ಒಡನೆ ಹಗುರಾಗುತ್ತದೆ, ಆದರೆ ಕಾರಣ ಹಾಗೆಯೇ ಉಳಿದಿರುವುದರಿಂದ ಕೆಲವು ದಿನಗಳಲ್ಲಿ ನೀರು ಮತ್ತೆ ತುಂಬಿಕೊಳ್ಳಬಹುದು.

ಪಶ್ಚಿಮ ಬೆಂಗಳೂರಿನಲ್ಲಿ

ಈ ಭಾಗದ ಬಸುರಿಯರಿಗೆ ಆಸ್ಪತ್ರೆಗಳ ಕೊರತೆಯಿಲ್ಲ. ಕಷ್ಟವಿರುವುದು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಮತ್ತು ಜೊತೆಗೆ ಹೋಗಬೇಕಾದ ಕಾಗದಪತ್ರದಲ್ಲಿ. ಹೊಸಹಳ್ಳಿ, ಶ್ರೀರಾಮಪುರಗಳಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ನಡೆಸುತ್ತಿದ್ದ ರೆಫರಲ್ ಆಸ್ಪತ್ರೆಗಳಿವೆ, ಮಲ್ಲೇಶ್ವರದಲ್ಲಿ ಕೆ.ಸಿ. ಜನರಲ್ ಆಸ್ಪತ್ರೆಯಿದೆ, ಕೆಂಗೇರಿಯಾಚೆ ಮೈಸೂರು ರಸ್ತೆಯಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳಿವೆ. ಕೈಗಾರಿಕಾ ಉಪನಗರವಾಗಿ 1949ರಲ್ಲಿ ರೂಪುಗೊಂಡ ರಾಜಾಜಿನಗರದಲ್ಲಿ ಕಾರ್ಮಿಕ ವಿಮೆಯ ಇಎಸ್‌ಐ ಆಸ್ಪತ್ರೆ ಇಂದು ವೈದ್ಯಕೀಯ ಕಾಲೇಜಾಗಿ ಬೆಳೆದಿದೆ. ಪೀಣ್ಯ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಇದು ಹತ್ತಿರದ ಆಸರೆ. ವಿಮೆಗೊಳಪಟ್ಟ ಕೆಲಸಗಾರ್ತಿಗೆ ಮೊದಲೆರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ಹೆರಿಗೆ ಸೌಲಭ್ಯವಿದ್ದು, ಅದರಲ್ಲಿ ಎಂಟು ವಾರಗಳನ್ನು ಹೆರಿಗೆಗೆ ಮುನ್ನವೇ ಪಡೆಯಬಹುದು. ಬಸಿರಿನಿಂದಾದ ಅನಾರೋಗ್ಯಕ್ಕೆ ವೈದ್ಯರ ಪ್ರಮಾಣಪತ್ರದ ಮೇಲೆ ಇನ್ನೊಂದು ತಿಂಗಳು ಸಿಗುತ್ತದೆ. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರಲಾಗದಷ್ಟು ಹೊಟ್ಟೆ ಬೆಳೆದವಳು ಕೆಲಸವನ್ನೇ ಬಿಟ್ಟು, ಅದರೊಡನೆ ವಿಮೆಯ ಹಕ್ಕನ್ನೂ ಕಳೆದುಕೊಳ್ಳುವುದಕ್ಕಿಂತ ಈ ಹೆಚ್ಚುವರಿ ತಿಂಗಳನ್ನು ಕೇಳಿ ಪಡೆಯುವುದು ಮೇಲು. ಇದನ್ನು ಅವಳಿಗೆ ತಿಳಿಸಿಹೇಳುವವರು ಕಡಿಮೆ.

ಇವೆಲ್ಲಕ್ಕೂ ಮಿಗಿಲಾಗಿ ತೊಡಕಿನ ಹೆರಿಗೆಗಳು ಬಂದು ಸೇರುವುದು ಕೆ.ಆರ್. ಮಾರುಕಟ್ಟೆಯ ಬಳಿಯ ವಾಣಿವಿಲಾಸ ಆಸ್ಪತ್ರೆಗೆ. 1935ರಲ್ಲಿ ಆರಂಭವಾಗಿ ಬೆಂಗಳೂರು ವೈದ್ಯಕೀಯ ಕಾಲೇಜಿಗೆ ಸೇರಿದ ಈ ಸ್ತ್ರೀಯರ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವಿಶೇಷ ಘಟಕವಿದೆ. ಕೆಂಗೇರಿಯಿಂದ ಅಲ್ಲಿಗೆ ಹದಿನಾಲ್ಕು ಹದಿನೈದು ಕಿಲೋಮೀಟರ್. ನಾಯಂಡಹಳ್ಳಿ ಜಂಕ್ಷನ್, ಸಿರ್ಸಿ ವೃತ್ತ ದಾಟಲು ಸಂಜೆ ಹೊತ್ತಿನಲ್ಲಿ ಎಷ್ಟು ಸಮಯ ಹಿಡಿಯುತ್ತದೆಂದು ಆ ದಾರಿಯಲ್ಲಿ ಓಡಾಡುವವರಿಗೆಲ್ಲ ಗೊತ್ತು. 2021ರಲ್ಲಿ ಕೆಂಗೇರಿ ತಲುಪಿದ ಮೆಟ್ರೊದ ನೇರಳೆ ಮಾರ್ಗದಲ್ಲಿ ಹೊರಟು ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯುವುದು ತಪಾಸಣೆಯ ದಿನಗಳಿಗೆ ಅನುಕೂಲ. ನೀರು ಹೋದ ದಿನಕ್ಕೆ 108ರ ಆಂಬುಲೆನ್ಸೇ ಸರಿ. ಗಂಭೀರ ಹಂತದ ಬಸುರಿ ದಿನ ಸಮೀಪಿಸಿದಾಗ ಮೊದಲೇ ಆಸ್ಪತ್ರೆಗೆ ದಾಖಲಾಗುವಂತೆ ಹೇಳುವುದಕ್ಕೆ ಈ ದೂರವೂ ಒಂದು ಕಾರಣ.

ಪ್ರತಿ ತಿಂಗಳ 9ನೆಯ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಯಲ್ಲಿ ತೊಡಕಿನ ಬಸಿರುಗಳನ್ನು ಗುರುತಿಸಿ ತಾಯಿ ಕಾರ್ಡಿಗೆ ಕೆಂಪು ಚೀಟಿ ಅಂಟಿಸುತ್ತಾರೆ. ಚೊಚ್ಚಲು ಬಸುರಿ ತವರಿಗೆ ಹೋಗುವ ಪದ್ಧತಿಯಿಂದಾಗಿ ಈ ಕಾರ್ಡಿಗೆ ಹೆಚ್ಚಿನ ಬೆಲೆ ಬರುತ್ತದೆ. ಮಾಗಡಿ, ಕುಣಿಗಲ್, ಚನ್ನಪಟ್ಟಣ, ಮಂಡ್ಯ ಕಡೆಯಿಂದ ಬಂದು ನೆಲೆಸಿದ ಕುಟುಂಬಗಳು ಈ ಬಡಾವಣೆಗಳಲ್ಲಿ ಬಹಳ. ಏಳನೆಯ ತಿಂಗಳವರೆಗೆ ವಿಜಯನಗರದಲ್ಲಿ ತೋರಿಸಿಕೊಂಡವಳು ಸೀಮಂತ ಮುಗಿಸಿ ಊರಿಗೆ ಹೊರಟಾಗ ನೀರು ಹೆಚ್ಚಾಗುವ ಕಾಲವೂ ಅದೇ ಆಗಿರುತ್ತದೆ. ಹಿಂದಿನ ಸ್ಕ್ಯಾನಿಂಗ್ ವರದಿಗಳೂ ಸಕ್ಕರೆಯ ಲೆಕ್ಕವೂ ಕಾರ್ಡಿನೊಡನೆ ಹೋಗದಿದ್ದರೆ ಅಲ್ಲಿನ ವೈದ್ಯರು ಮೊದಲಿಂದ ಆರಂಭಿಸಬೇಕು. ಗಂಭೀರ ಹಂತದಲ್ಲಿ ತವರಿನ ತಾಯಿಯೇ ಬೆಂಗಳೂರಿಗೆ ಬಂದು ನಿಲ್ಲುವುದು ವಿವೇಕದ ಮಾರ್ಗ. ಬಾಣಂತನಕ್ಕೆ ಆಮೇಲೆ ಊರಿಗೆ ಹೋಗಬಹುದು.

ಹೆರಿಗೆ ಮತ್ತು ನಂತರ

ಹೆರಿಗೆಯ ಸಮಯದಲ್ಲಿ ಮೂರು ಅಪಾಯಗಳು ಮುಖ್ಯ. ನೀರಿನ ಚೀಲ ಒಮ್ಮೆಲೇ ಒಡೆದಾಗ ರಭಸಕ್ಕೆ ಹೊಕ್ಕುಳಬಳ್ಳಿ ಶಿಶುವಿಗಿಂತ ಮುಂಚೆ ಜಾರಿ ಹೊರಬಂದು ಅದುಮಿಹೋಗಬಹುದು. ಹಾಗಾದರೆ ಬಳ್ಳಿಯನ್ನು ಕೈಯಿಂದ ಒಳಗೆ ತಳ್ಳದೆ, ತಾಯಿಯ ಸೊಂಟ ಎತ್ತರವಾಗಿರುವಂತೆ ಮಲಗಿಸಿ ಆಸ್ಪತ್ರೆಗೆ ಧಾವಿಸಬೇಕು. ಹಿಗ್ಗಿದ್ದ ಗರ್ಭಕೋಶ ಹಠಾತ್ತನೆ ಕುಗ್ಗಿದಾಗ ಮಾಸು ಬೇಗನೆ ಬೇರ್ಪಡಬಹುದು. ಹೆರಿಗೆಯಾದ ಮೇಲೆ ಸೋತ ಗರ್ಭಕೋಶ ಬಿಗಿಯಾಗಿ ಮುದುಡದೆ ವಿಪರೀತ ರಕ್ತ ಹೋಗಬಹುದು, ಆದ್ದರಿಂದ ರಕ್ತದ ಗುಂಪು ನೋಡಿ ಮೊದಲೇ ರಕ್ತ ಸಿದ್ಧವಿಡುತ್ತಾರೆ. ಶಿಶುವಿಗೆ ಈಜಾಡಲು ಜಾಗ ಹೆಚ್ಚಿರುವುದರಿಂದ ಅದು ಅಡ್ಡಲಾಗಿಯೋ ಕಾಲು ಮುಂದಾಗಿಯೋ ನಿಲ್ಲುವ ಸಂಭವವೂ ಹೆಚ್ಚು, ಸಿಸೇರಿಯನ್ ಆಗುವುದಕ್ಕೆ ಅದೂ ಒಂದು ಕಾರಣ.

ಹುಟ್ಟಿದ ಶಿಶುವಿನ ಮೊದಲ ಗಳಿಗೆಗಳು ಅಷ್ಟೇ ಮುಖ್ಯ. ನೀರು ಹೆಚ್ಚಿದ್ದ ಬಸಿರಿನ ಶಿಶುವಿಗೆ ಮೊದಲ ಹಾಲು ಕೊಡುವ ಮುನ್ನ ಬಾಯಿಯ ಮೂಲಕ ತೆಳುವಾದ ನಳಿಕೆಯೊಂದನ್ನು ಹೊಟ್ಟೆಯವರೆಗೆ ಇಳಿಸಿ ನೋಡುತ್ತಾರೆ; ಸುಮಾರು ಹತ್ತು ಸೆಂಟಿಮೀಟರಿಗೇ ಅದು ತಡೆದು ನಿಂತರೆ ಅನ್ನನಾಳ ಮುಚ್ಚಿದೆಯೆಂಬ ಅನುಮಾನ ಬಲವಾಗುತ್ತದೆ. ಹಿರಿಯರು ಪ್ರೀತಿಯಿಂದ ಶಿಶುವಿನ ನಾಲಿಗೆಗೆ ಜೇನುತುಪ್ಪ ಸವರುವುದು, ಸಕ್ಕರೆ ನೀರು ಹನಿಸುವುದು ಯಾವ ಶಿಶುವಿಗೂ ಬೇಡದ ಪದ್ಧತಿ. ಇಂಥ ಶಿಶುವಿಗಂತೂ ಆ ಒಂದು ಹನಿ ಶ್ವಾಸನಾಳಕ್ಕೆ ಹೋಗಿ ಪ್ರಾಣಕ್ಕೇ ಕುತ್ತಾಗಬಹುದು. ಬಾಯಲ್ಲಿ ಒಂದೇ ಸಮನೆ ನೊರೆ ಜೊಲ್ಲು ಬರುವುದು, ಹಾಲು ಕೊಟ್ಟೊಡನೆ ಕೆಮ್ಮಿ ನೀಲಿಗಟ್ಟುವುದು ಅನ್ನನಾಳ ಮುಚ್ಚಿರುವುದರ ಕುರುಹುಗಳು. ಇದು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದಾದ ದೋಷ, ಮಕ್ಕಳ ಶಸ್ತ್ರಚಿಕಿತ್ಸಕರಿರುವ ಕಡೆ ಹೆರಿಗೆಯಾದರೆ ಮೊದಲ ದಿನಗಳಲ್ಲೇ ಅದನ್ನು ಮಾಡಲಾಗುತ್ತದೆ. ನಗರದಲ್ಲಿ ನಿಮ್ಹಾನ್ಸ್ ಸಮೀಪದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇಂಥ ಶಿಶುಗಳನ್ನು ಸೇರಿಸಿಕೊಳ್ಳುವ ಸರ್ಕಾರಿ ಸಂಸ್ಥೆ.

ಸಕ್ಕರೆಯ ಕಾರಣದಿಂದ ನೀರು ಹೆಚ್ಚಿದ್ದ ತಾಯಿಗೆ ಹೆರಿಗೆಯಾದ ಆರು ವಾರಗಳ ಮೇಲೆ ಮತ್ತೊಮ್ಮೆ 75 ಗ್ರಾಂ ಗ್ಲೂಕೋಸಿನ ಪರೀಕ್ಷೆ ಆಗಬೇಕು, ಏಕೆಂದರೆ ಅವಳಿಗೆ ಮುಂದೆ ಸಕ್ಕರೆ ಕಾಯಿಲೆ ನೆಲೆಯೂರುವ ಸಂಭವ ಉಳಿದವರಿಗಿಂತ ಬಹಳ ಹೆಚ್ಚು. ಬಾಣಂತಿ ಆ ಹೊತ್ತಿಗೆ ತವರಿನಲ್ಲಿರುತ್ತಾಳೆ, ಮನೆಯ ಗಮನವೆಲ್ಲ ಮಗುವಿನ ಮೇಲಿರುತ್ತದೆ, ಪರೀಕ್ಷೆ ಮರೆತುಹೋಗುತ್ತದೆ. ಮಗುವಿಗೆ ಆರನೆಯ ವಾರದ ಲಸಿಕೆ ಹಾಕಿಸಲು ಹೇಗೂ ಆರೋಗ್ಯ ಕೇಂದ್ರಕ್ಕೆ ಹೋಗಬೇಕಾದ್ದರಿಂದ ಅದೇ ದಿನ ತಾಯಿಯ ಪರೀಕ್ಷೆಯನ್ನೂ ಮುಗಿಸಿ, ಅದರ ಫಲಿತಾಂಶವನ್ನು ತಾಯಿ ಕಾರ್ಡಿನಲ್ಲೇ ಬರೆಸಿಕೊಳ್ಳಬಹುದು.